ಬಿಲ್ ಆತೇನ್ರಿ?

ಮುಧೋಳದ ಕಡೆ ಕಬ್ಬಿನ ಹಂಗಾಮು ಶುರುವಾಗಿ ತಿಂಗಳಾಯಿತೆಂದರೆ ಚಹಾದಂಗಡಿ ಮುಂದೆ ಒಂದೇ ಮಾತು.

‘ಕಾಕಾ, ಬಿಲ್ ಆತೇನ್ರಿ?’

‘ಎಲ್ಲೀದೋ ತಮ್ಮಾ, ಇನ್ನಾ ಆಗಿಲ್ಲ.’

ಇಲ್ಲಿ ಬಿಲ್ ಅಂದರೆ ದುಡ್ಡು. ಕಾರ್ಖಾನೆಗೆ ಕಳಿಸಿದ ಕಬ್ಬಿನ ಹಣ ಬ್ಯಾಂಕ್ ಖಾತೆಗೆ ಬಿದ್ದರೆ ‘ಬಿಲ್ ಆತು’. ಅದೇ ಕಾಕಾ ಚಹಾ ಕುಡಿದು ಎದ್ದು ‘ಬಿಲ್ ಎಷ್ಟಾತಪಾ?’ ಅಂದರೆ ಅರ್ಥ ಪೂರಾ ತಿರುಗುತ್ತದೆ. ಆ ಬಿಲ್ಲಿನಿಂದ ದುಡ್ಡು ಬರುತ್ತದೆ, ಈ ಬಿಲ್ಲಿಗೆ ಹೋಗುತ್ತದೆ.

ಇಂಗ್ಲಿಷಿನ ವ್ಯಾಪಾರದ ಮಾತಿನಲ್ಲಿ ಬಿಲ್ ಅಂದರೆ ಮಾರಿದವನು ಕೊಂಡವನಿಗೆ ‘ಇಷ್ಟು ಕೊಡಬೇಕು’ ಎಂದು ಬರೆದುಕೊಡುವ ಚೀಟಿ. ಕಬ್ಬಿನಲ್ಲಿ ಮಾರುವವನು ರೈತ, ಲೆಕ್ಕ ಬರೆಯುವುದು ಕೊಳ್ಳುವ ಕಾರ್ಖಾನೆ. ರೈತನ ಜೇಬಿನಲ್ಲಿ ಉಳಿಯುವುದು ಮಡಚಿ ಮಡಚಿ ಸವೆದ ತೂಕದ ಚೀಟಿ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರಂತೆ ಬಡ್ಡಿ ಸೇರಿಸಬೇಕು. ಹೀಗಾಗಿ ನಮ್ಮ ಮಾತಿನಲ್ಲಿ ಕಬ್ಬಿನ ಬಿಲ್ ಆಗುತ್ತದೆ, ಬರುತ್ತದೆ, ಬೀಳುತ್ತದೆ, ಬಾಕಿ ಉಳಿಯುತ್ತದೆ. ‘ಕಾರ್ಖಾನೆಗೆ ಬಿಲ್ ಬರೆದುಕೊಟ್ಟೆ’ ಅನ್ನುವ ರೈತ ಮಾತ್ರ ಸಿಗುವುದಿಲ್ಲ. ಪದಕ್ಕೆ ಈ ತಿರುವು ಕೊಟ್ಟದ್ದು ಆ ಕಾಯುವಿಕೆಯೇ ಎಂದು ನನಗನಿಸುತ್ತದೆ.

ಈ ಬಿಲ್ಲಿನ ಬೇರು ಲ್ಯಾಟಿನ್ನಿನ ‘ಬುಲ್ಲಾ’. ಅದರ ಮೊದಲ ಅರ್ಥ ಗುಳ್ಳೆ! ನೀರಿನ ಗುಳ್ಳೆ, ಕುದಿಯುವ ಗುಳ್ಳೆ. ಮಹಾಲಿಂಗಪುರದ ಸುತ್ತ ಬೆಲ್ಲದ ಗಾಣ ನೋಡಿದವರಿಗೆ ಇದು ಕಣ್ಣಿಗೇ ಕಟ್ಟುತ್ತದೆ. ಕೊಪ್ಪರಿಗೆಯಲ್ಲಿ ರಸ ಕಾದು ಮೇಲೆ ಕೊಳೆ ಕಟ್ಟುತ್ತದೆ. ಅದನ್ನು ತೆಗೆದು ಹಾಕಿದ ಮೇಲೆ ಸಣ್ಣ ಗುಳ್ಳೆ ಏಳುತ್ತವೆ. ರಸ ಗಟ್ಟಿಯಾಗುತ್ತಾ ಬಂದ ಹಾಗೆ ಗುಳ್ಳೆ ದಪ್ಪಗಾಗಿ ಪಟಕ್ ಪಟಕ್ ಅಂತ ಒಡೆಯುತ್ತವೆ. ಅನುಭವಸ್ಥರು ಆ ಗುಳ್ಳೆ ನೋಡಿಯೇ ಪಾಕ ಬಂತು ಅನ್ನುತ್ತಾರೆ. ಇಂಗ್ಲಿಷಿನ ‘ಬಾಯಿಲ್’, ಅಂದರೆ ಕುದಿ, ಹುಟ್ಟಿದ್ದೂ ಇದೇ ಬುಲ್ಲಾದಿಂದ.

ಗುಳ್ಳೆ ಗುಂಡಗಿರುತ್ತದೆ, ಅಲ್ವಾ? ಹಾಗಾಗಿ ಗುಂಡಗಿನ ವಸ್ತುಗಳಿಗೂ ಆ ಹೆಸರು ಬಂತು. ರೋಮಿನ ಗಂಡುಮಕ್ಕಳು ಕೊರಳಿಗೆ ತಾಯತದಂತೆ ಕಟ್ಟಿಕೊಳ್ಳುತ್ತಿದ್ದ ಗುಂಡು ಡಬ್ಬಿ ಬುಲ್ಲಾ. ಕಾಗದಪತ್ರಕ್ಕೆ ಒತ್ತುವ ಗುಂಡು ಮುದ್ರೆಯೂ ಬುಲ್ಲಾ. ಆಮೇಲೆ ಮುದ್ರೆಯ ಹೆಸರು ಕಾಗದಕ್ಕೇ ಅಂಟಿಕೊಂಡಿತು. ಪೋಪ್ ಹೊರಡಿಸುವ ಆಜ್ಞೆಗೆ ‘ಬುಲ್’ ಅನ್ನುತ್ತಾರೆ, ಅದಕ್ಕೂ ಗೂಳಿಗೂ ಸಂಬಂಧವಿಲ್ಲ. ಚಕ್ರವರ್ತಿ ನಾಲ್ಕನೇ ಚಾರ್ಲ್ಸ್ 1356ರಲ್ಲಿ ಹೊರಡಿಸಿದ ಶಾಸನದ ಹೆಸರೇ ‘ಗೋಲ್ಡನ್ ಬುಲ್’, ಚಿನ್ನದ ಮುದ್ರೆಯದ್ದು. ಮಧ್ಯಯುಗದ ಲ್ಯಾಟಿನ್ನಿನಲ್ಲಿ ಬುಲ್ಲಾ ‘ಬಿಲ್ಲಾ’ ಆಗಿ, ಇಂಗ್ಲಿಷಿಗೆ ಬಂದು ಬಿಲ್ ಆಯಿತು. ರೇಡಿಯೋದವರ ಬುಲೆಟಿನ್ ಇದರ ದಾಯಾದಿ.

ಮೊದಮೊದಲು ಇಂಗ್ಲೆಂಡಿನಲ್ಲಿ ರಾಜನಿಗೆ ಬರೆದುಕೊಡುವ ಅರ್ಜಿಯೂ ಬಿಲ್ಲೇ. ಶಾಸನಸಭೆಯ ಬಿಲ್ ಬಂದದ್ದು ಆ ದಾರಿಯಿಂದ. ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಚಳಿಗಾಲದ ಅಧಿವೇಶನ ನಡೆಯುವಾಗ ‘ಬಿಲ್ ಪಾಸ್ ಆತು’ ಅಂದರೆ ಯಾವ ಬಿಲ್ ಎಂದು ಕೇಳಲೇಬೇಕು. ಶಾಸಕರ ಬಾಯಲ್ಲಿ ಅದು ಮಸೂದೆ. ಗುತ್ತಿಗೆದಾರರ ಬಾಯಲ್ಲಿ, ಮುಗಿಸಿದ ಕೆಲಸದ ಹಣಕ್ಕೆ ಮಂಜೂರಾತಿ. ಅಂದಹಾಗೆ ಮಸೂದೆ ಅರಬ್ಬಿ ಮೂಲದ ಪದ. ಅದರ ಬೇರಿನಲ್ಲಿರುವುದು ಕಪ್ಪು ಬಣ್ಣ, ಮಸಿ ತಾಗಿದ ಕರಡು ಕಾಗದ. ಇಂಗ್ಲಿಷಿನವರಿಗೆ ಮುದ್ರೆ ಕಂಡಿತು, ಅರಬ್ಬರಿಗೆ ಮಸಿ ಕಂಡಿತು. ಬಾದಾಮಿ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಯವರು ಹಂಚುವ ಹ್ಯಾಂಡ್‌ಬಿಲ್, ಅಮೆರಿಕದ ಡಾಲರ್ ಬಿಲ್ ಎಲ್ಲಾ ಇದೇ ಕಾಗದದ ಮನೆತನ.

ಇಷ್ಟು ಒಂದು ಬಿಲ್. ಇನ್ನುಳಿದವು ಬೇರೆ ಬೇರೆ ಊರಿನವು, ಸುಮ್ನೆ ಒಂದೇ ರೂಪಕ್ಕೆ ಬಂದು ಸೇರಿವೆ. ಹಕ್ಕಿಯ ಕೊಕ್ಕಿನ ಬಿಲ್ ಹಳೆಯ ಇಂಗ್ಲಿಷಿನದೇ ಪದ. ಖಾನಾಪುರದ ಭೀಮಗಡ ಕಾಡಿನ ಮಂಗಟ್ಟೆಯನ್ನು ಇಂಗ್ಲಿಷಿನಲ್ಲಿ ‘ಹಾರ್ನ್‌ಬಿಲ್’ ಅನ್ನುವುದು ಅದರ ಕೊಂಬಿನಂಥ ಕೊಕ್ಕಿಗಾಗಿ. ಹಳೆಯ ಇಂಗ್ಲಿಷಿನಲ್ಲೇ ಕತ್ತಿಯೂ ಬಿಲ್ ಆಗಿತ್ತು. ತುದಿ ಬಾಗಿದ ‘ಬಿಲ್‌ಹುಕ್’ ಎಂಬ ಮಚ್ಚಿನಲ್ಲಿ ಅದು ಇನ್ನೂ ಉಳಿದಿದೆ. ಕಬ್ಬು ಕಡಿಯುವ ಗ್ಯಾಂಗಿನವರ ಕೈಯಲ್ಲಿರುವ ಕೊಯ್ತಾ ಅದರ ಹತ್ತಿರದ್ದೇ. ಮೊದಲು ಆ ಬಿಲ್ ಕಬ್ಬಿಗೆ ಬೀಳಬೇಕು, ಆಮೇಲೆ ಈ ಬಿಲ್ ಖಾತೆಗೆ.

ಕೊನೆಗೆ ಮನುಷ್ಯರ ಹೆಸರು. ಬಿಲ್ ಕ್ಲಿಂಟನ್, ಬಿಲ್ ಗೇಟ್ಸ್ ಇಬ್ಬರ ಪೂರಾ ಹೆಸರು ಶುರುವಾಗುವುದು ವಿಲಿಯಂ ಎಂದು. ನಮ್ಮಲ್ಲಿ ಮಲ್ಲಿಕಾರ್ಜುನ ಮಲ್ಲು ಆದ ಹಾಗೆ ವಿಲಿಯಂ ವಿಲ್ ಆದ, ವಿಲ್ ಬಿಲ್ ಆದ. ನನಗೆ ತುಂಬಾ ಇಷ್ಟವಾಗುವುದು ಇಲ್ಲಿ ‘ವ’ ಹೋಗಿ ‘ಬ’ ಬಂದದ್ದು. ತಮಿಳಿನ ‘ವಾಯ್’ ನಮಗೆ ಬಾಯಿ, ‘ವಾ’ ನಮಗೆ ಬಾ. ಬಾಣ ಹೂಡುವ ಬಿಲ್ಲಿಗೆ ತಮಿಳರು ಅನ್ನುವುದು ‘ವಿಲ್’. ಅವರ ವಿಲ್ ನಮಗೆ ಬಿಲ್ಲು. ನಂಟೇನೂ ಇಲ್ಲ, ಆದರೂ ಎರಡೂ ಕಡೆ ಜೋಡಿ ಒಂದೇ. ಹಳಗನ್ನಡದಲ್ಲಂತೂ ಕೊನೆಯ ‘ಉ’ ಕೂಡ ಇರಲಿಲ್ಲ. ಹಳೆಯ ಕವಿಗಳು ಬರೆದದ್ದು ‘ಬಿಲ್’ ಎಂದೇ.