ಖಾಲಿ ಕಾಣೋ ವೈಲ್ ಖಾಲಿ ಇರಲ್ಲ

ಏಪ್ರಿಲ್ ಬಿಸಿಲು. ವಿಜಯಪುರದಿಂದ ಒಬ್ಬ ಪಿಎಚ್‌ಡಿ ಹುಡುಗಿ ಫೋನ್ ಮಾಡಿದಳು. "ಸರ್, ಪ್ರೋಟೀನ್ ಬಂತ್ರಿ, ಆದ್ರ ವೈಲ್‌ನ್ಯಾಗ ಏನೂ ಇಲ್ರಿ. ಖಾಲಿ ಕಳಸ್ಯಾರ."

"ಮುಚ್ಚಳ ತಗದಿಯೇನವಾ?"

"ತಗದೀನ್ರಿ."

ಬೆಳಗಾವಿಯಲ್ಲಿ ಕೂತು ನಾನು ತಲೆ ಚಚ್ಚಿಕೊಂಡೆ. ವೈಲ್ ಅಂದರೆ ಪುಟ್ಟ ಸೀಸೆ, ಅದರೊಳಗಿದ್ದದ್ದು ಜೀವಕೋಶಗಳಿಗೆ ಹಾಕಲು ತರಿಸಿದ, ಒಣಗಿಸಿ ಪುಡಿ ಮಾಡಿದ ಪ್ರೋಟೀನ್, ಬರೀ 10 ಮೈಕ್ರೋಗ್ರಾಂ. ಸಕ್ಕರೆಯ ಒಂದು ಹರಳು ಇದಕ್ಕಿಂತ ಹತ್ತಾರು ಪಟ್ಟು ಭಾರ, ಇನ್ನು ಇದು ಕಣ್ಣಿಗೆ ಹೇಗೆ ಕಂಡೀತು? ಗಾಡಿಯಲ್ಲಿ ಕುಲುಕಾಡಿ ಬರುವಾಗ ಪುಡಿ ಗೋಡೆಗೆ, ಮುಚ್ಚಳಕ್ಕೆ ಅಂಟಿರುತ್ತದೆ. ಅದಕ್ಕೇ ತೆರೆಯುವ ಮೊದಲು ಸೆಂಟ್ರಿಫ್ಯೂಜ್‌ನಲ್ಲಿ ಅರ್ಧ ನಿಮಿಷ ತಿರುಗಿಸಿ ಕೆಳಗಿಳಿಸಬೇಕು. ದಾರಿಯ ಬಿಸಿಲಿಗೆ ಅಷ್ಟೊಂದು ಹೆದರಬೇಡಿ, ಒಣಗಿಸಿದ ಪುಡಿ ಸಾಮಾನ್ಯವಾಗಿ ಒಂದೆರಡು ದಿನ ತಡೆಯುತ್ತದೆ. ಕರಗಿಸಿದ ಮೇಲೆ ಮಾತ್ರ ಅದು ಬಲು ನಾಜೂಕು.

ಕರಗಿಸಲು ಯಾವ ದ್ರವ ಅಂತ ಜೊತೆಗೆ ಬಂದ ಹಾಳೆಯಲ್ಲೇ ಇರುತ್ತದೆ, ಓದಿ. ಕೆಲವಕ್ಕೆ ಬರೀ ನೀರು ಸಾಕು, ಟಿಜಿಎಫ್-ಬೀಟಾದಂಥ ಪ್ರೋಟೀನ್‌ಗಳಿಗೆ ತೆಳು ಆಮ್ಲ ಬೇಕು. 100 ಮೈಕ್ರೋಲೀಟರ್ ಹಾಕಿ, ಗೋಡೆಗೆಲ್ಲ ತಾಗುವಂತೆ ಮೆಲ್ಲಗೆ ಹೊರಳಿಸಿ, ಹದಿನೈದು ನಿಮಿಷ ಸುಮ್ನೆ ಬಿಡಿ. ವರ್ಟೆಕ್ಸ್, ಅಂದರೆ ಜೋರಾಗಿ ಅಲ್ಲಾಡಿಸುವ ಯಂತ್ರ, ಮುಟ್ಟಬೇಡಿ. ಮಜ್ಜಿಗೆ ಕಡೆದ ಹಾಗೆ ನೊರೆ ಬಂದರೆ ಪ್ರೋಟೀನ್ ಕೆಟ್ಟ ಹಾಗೇ. ಈಗ ಒಂದು ಮೈಕ್ರೋಲೀಟರ್‌ನಲ್ಲಿ 100 ನ್ಯಾನೋಗ್ರಾಂ ಇದೆ. 10 ಎಂಎಲ್ ಮೀಡಿಯಾಗೆ (ಜೀವಕೋಶ ಬೆಳೆಸುವ ದ್ರವಕ್ಕೆ) 20 ನ್ಯಾನೋಗ್ರಾಂ ಪ್ರತಿ ಎಂಎಲ್ ಲೆಕ್ಕದಲ್ಲಿ 2 ಮೈಕ್ರೋಲೀಟರ್ ಸಾಕು.

ಇದಕ್ಕಿಂತ ತೆಳು ಮಾಡಿ ಇಡುವುದಾದರೆ 0.1% ಬಿಎಸ್‌ಎ (ದನದ ರಕ್ತದಿಂದ ತೆಗೆದ ಅಲ್ಬುಮಿನ್ ಪ್ರೋಟೀನ್) ಸೇರಿಸಿ. ಇಲ್ಲದಿದ್ದರೆ ಪ್ರೋಟೀನ್ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು, ನೀವು ಜೀವಕೋಶಕ್ಕೆ ಬರೀ ನೀರು ಕುಡಿಸಿದಂತೆ ಆಗುತ್ತದೆ. ಒಂದೊಂದು ಸಲಕ್ಕೆ ಬೇಕಾದಷ್ಟೇ ಹಂಚಿ, ಮೈನಸ್ 80 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ. ನಾನೊಮ್ಮೆ ಜಾಗ ಇಲ್ಲ ಅಂತ ಫ್ರಾಸ್ಟ್-ಫ್ರೀ ಫ್ರೀಜರ್‌ನಲ್ಲಿಟ್ಟು ಮೂರು ತಿಂಗಳ ಕೆಲಸ ಕಳೆದುಕೊಂಡೆ. ಮಂಜು ಕರಗಿಸಲು ಅದು ಆಗಾಗ ತಾನೇ ಬೆಚ್ಚಗಾಗುತ್ತದೆ ಅನ್ನೋದು ತಲೆಗೆ ಹೊಳೆದಿರಲಿಲ್ಲ.

ಇನ್ನು, ಲೇಬಲ್ ಮೇಲೆ 'ಹ್ಯೂಮನ್' ಅಂತಿದ್ದರೆ ಜೀನ್ ಮಾತ್ರ ಮನುಷ್ಯರದು, ಅಡುಗೆಮನೆ, ಅಂದರೆ ಪ್ರೋಟೀನ್ ಮಾಡಿಕೊಡುವ ಜೀವಕೋಶ, ಹೆಚ್ಚಾಗಿ ಬೇರೆಯವರದು. ಇನ್ಸುಲಿನ್‌ಗೆ ಸಕ್ಕರೆಯ ಸರಪಳಿ ಬೇಡ, ಅದಕ್ಕೇ ಅಂಥ ಸರಪಳಿ ಹಾಕಲು ಬಾರದ ಇ. ಕೋಲೈ ಬ್ಯಾಕ್ಟೀರಿಯಾ 1978ರಲ್ಲೇ ಅದನ್ನು ಮಾಡಿಕೊಟ್ಟಿತು. ಕೆಂಪು ರಕ್ತಕಣ ಹೆಚ್ಚಿಸುವ ಹಾರ್ಮೋನ್ ಎರಿಥ್ರೋಪೊಯಿಟಿನ್‌ಗೆ ಸರಪಳಿ ಬೇಕು, ಅದನ್ನು ಸಿಎಚ್‌ಒ (ಹ್ಯಾಮ್ಸ್ಟರ್ ಎಂಬ ಇಲಿಯಂಥ ಪ್ರಾಣಿಯ ಅಂಡಾಶಯದ) ಜೀವಕೋಶದಲ್ಲಿ ಬೆಳೆಸುತ್ತಾರೆ. ಇ. ಕೋಲೈನಿಂದ ಬಂದದ್ದರಲ್ಲಿ ಇನ್ನೊಂದು ಕಾಟ ಎಂಡೋಟಾಕ್ಸಿನ್, ಅಂದರೆ ಆ ಬ್ಯಾಕ್ಟೀರಿಯಾದ ಹೊರಪೊರೆಯ ವಿಷ. ಮ್ಯಾಕ್ರೋಫೇಜ್‌ಗಳು (ರೋಗಾಣು ನುಂಗುವ ರಕ್ಷಣಾ ಕೋಶಗಳು) ಟಿಎನ್‌ಎಫ್ (ಉರಿಯೂತದ ಸಂಕೇತ ಕೊಡುವ ಪ್ರೋಟೀನ್) ಸುರಿಸಿದವು ಅಂತ ಕುಣಿಯುವ ಮುಂಚೆ ಅದೇ ಪ್ರೋಟೀನನ್ನು ಕುದಿಸಿ ಮತ್ತೊಮ್ಮೆ ಹಾಕಿ ನೋಡಿ. ಪ್ರೋಟೀನ್ ಹೆಚ್ಚಾಗಿ ಕುದಿತಕ್ಕೆ ಸಾಯುತ್ತದೆ, ಎಂಡೋಟಾಕ್ಸಿನ್ ಅಷ್ಟು ಸುಲಭಕ್ಕೆ ಜಗ್ಗಲ್ಲ. ಕುದಿಸಿದ ಮೇಲೂ ಟಿಎನ್‌ಎಫ್ ಅಷ್ಟೇ ಬಂತಾ? ಹಾಗಾದರೆ ಅದು ಎಂಡೋಟಾಕ್ಸಿನ್‌ನ ಆಟ, ಪೇಪರ್ ಬರೆಯೋದು ನಿಲ್ಲಿಸಿ.

ಆ ಹುಡುಗಿ ಗೋಡೆಗೆ ಅಂಟಿದ್ದನ್ನು ಕರಗಿಸಿಕೊಂಡಳು. ಮುಚ್ಚಳ ಮಾತ್ರ ಆಗಲೇ ಕಸದ ಬುಟ್ಟಿ ಸೇರಿತ್ತು.