ಕಡಿಮೆ ಬೆಳಕಿನಲ್ಲಿ ನಾಯ್ಸ್: ಐಎಸ್‌ಓ ಮೇಲೆ ಸುಮ್ನೆ ಗೂಬೆ ಕೂರಿಸಬೇಡಿ

ಐಎಸ್‌ಓ (ಫೋಟೋ ಎಷ್ಟು ಬೆಳ್ಳಗೆ ಬರಬೇಕು ಅಂತ ಹೊಂದಿಸುವ ಕ್ಯಾಮೆರಾ ಸೆಟ್ಟಿಂಗ್) ಏರಿಸಿದರೆ ಫೋಟೋದಲ್ಲಿ ನಾಯ್ಸ್, ಅಂದರೆ ಕಾಳುಕಾಳು, ಬರುತ್ತದೆ ಅನ್ನುವುದು ಕ್ಯಾಮೆರಾ ಹಿಡಿದವರೆಲ್ಲ ಮೊದಲು ಕಲಿಯುವ ಪಾಠ. ಕಣ್ಣಿಗೆ ಕಾಣುವುದೂ ಹಾಗೇ. ಆದರೆ ನಾಯ್ಸ್ ಎಲ್ಲಿಂದ ಬರುತ್ತದೆ ಅಂತ ಗೊತ್ತಿಲ್ಲದಿದ್ದರೆ, ಐಎಸ್‌ಓಗೆ ಹೆದರಿ ಕೈಯಾರೆ ಫೋಟೋ ಕೆಡಿಸಿಕೊಳ್ಳುತ್ತೇವೆ.

ಬೆಳಕಿನಿಂದಲೇ ಶುರು ಮಾಡೋಣ. ಬೆಳಕು ಸೆನ್ಸರ್ (ಕ್ಯಾಮೆರಾ ಒಳಗೆ ಬೆಳಕು ಹಿಡಿಯುವ ಚಿಪ್) ಮೇಲೆ ಫೋಟಾನ್ ಎಂಬ ಕಣಗಳಾಗಿ ಬಿಡಿಬಿಡಿಯಾಗಿ ಬಂದು ಬೀಳುತ್ತದೆ, ಅದಕ್ಕೆ ಲೆಕ್ಕಾಚಾರ ಇಲ್ಲ. ಮಳೆ ಶುರುವಾದಾಗ ಅಂಗಳದ ಒಂದು ಚಪ್ಪಡಿ ಮೇಲೆ ಐದು ಹನಿ, ಪಕ್ಕದ್ದರ ಮೇಲೆ ಎರಡೇ. ಜೋರಾಗಿ ಸುರಿದ ಮೇಲೆ ಆ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಅಲ್ವಾ? ಪಿಕ್ಸೆಲ್‌ಗಳದ್ದೂ ಅದೇ ಕಥೆ. ಈ ಏರುಪೇರಿಗೆ ಶಾಟ್ ನಾಯ್ಸ್ ಅನ್ನುತ್ತಾರೆ. ಸರಾಸರಿ ಎಷ್ಟು ಫೋಟಾನ್ ಸಿಕ್ಕಿತೋ ಅದರ ವರ್ಗಮೂಲದಷ್ಟು ಏರುಪೇರು.

ಒಂದು ಪಿಕ್ಸೆಲ್‌ಗೆ 10,000 ಫೋಟಾನ್ ಸಿಕ್ಕರೆ ಏರುಪೇರು 100, ಅಂದರೆ ಸಿಗ್ನಲ್ ನಾಯ್ಸ್‌ನ 100 ಪಟ್ಟು. ಬೆಳಕು 4 ಸ್ಟಾಪ್ (ಒಂದೊಂದು ಸ್ಟಾಪಿಗೂ ಅರ್ಧದಂತೆ) ಕಡಿಮೆಯಾದರೆ ಸಿಗುವುದು 625, ಏರುಪೇರು 25. ಈಗ ಸಿಗ್ನಲ್ ನಾಯ್ಸ್‌ನ 25 ಪಟ್ಟು ಮಾತ್ರ. ನೆರಳಿರುವ ಭಾಗಕ್ಕೆ ಇನ್ನೂ ಕಡಿಮೆ ಸಿಗುತ್ತದೆ, ಅದಕ್ಕೇ ಮೊದಲು ಕಾಳುಕಾಳಾಗುವುದು ಅಲ್ಲೇ. ಎಷ್ಟು ಲಕ್ಷ ಕೊಟ್ಟು ಕ್ಯಾಮೆರಾ ಕೊಂಡರೂ ಇದು ತಪ್ಪಿದ್ದಲ್ಲ.

ಐಎಸ್‌ಓ ಮಾಡುವುದು ಏನು ಹಾಗಾದರೆ? ಸಿಕ್ಕ ಸಿಗ್ನಲನ್ನು ಹಿಗ್ಗಿಸುತ್ತದೆ, ಅಷ್ಟೆ. ಆದರೆ ಅಪರ್ಚರ್ ಪ್ರಯಾರಿಟಿಯಲ್ಲಿ (ಲೆನ್ಸ್ ಎಷ್ಟು ತೆರೆಯಬೇಕು ಅಂತ ನಾವು ಹೇಳಿ, ಶಟರ್ ವೇಗವನ್ನು ಕ್ಯಾಮೆರಾಗೆ ಬಿಡುವ ಮೋಡ್) ನಾವು 400 ಇದ್ದದ್ದನ್ನು 6400 ಮಾಡಿದ ಕೂಡಲೇ ಕ್ಯಾಮೆರಾ ಶಟರ್ ವೇಗವನ್ನು ಹೆಚ್ಚಿಸಿ, ಸೆನ್ಸರ್‌ಗೆ ಬೀಳುವ ಬೆಳಕನ್ನು 16ರಲ್ಲಿ ಒಂದು ಪಾಲಿಗೆ ಇಳಿಸಿಬಿಡುತ್ತದೆ. ನಾಯ್ಸ್ ಬಂದಿದ್ದು ಅಲ್ಲಿಂದ. ಬೈಗುಳ ಮಾತ್ರ ಐಎಸ್‌ಓಗೆ.

ಇನ್ನೂ ತಮಾಷೆ ಇದೆ. ಬೆಳಕು ಅಷ್ಟೇ ಇದ್ದಾಗ ಐಎಸ್‌ಓ ಏರಿಸಿದರೆ ನಾಯ್ಸ್ ಸ್ವಲ್ಪ ಕಡಿಮೆಯೇ ಆಗಬಹುದು! ಪಿಕ್ಸೆಲ್‌ನ ಚಾರ್ಜನ್ನು ಓದಿ ಅಂಕಿಯಾಗಿ ಬದಲಿಸುವಾಗ ಎಲೆಕ್ಟ್ರಾನಿಕ್ಸ್ ತನ್ನದೂ ಒಂದಿಷ್ಟು ಗದ್ದಲ ಸೇರಿಸುತ್ತದೆ, ಅದು ರೀಡ್ ನಾಯ್ಸ್. ಅದರಲ್ಲಿ ಆಂಪ್ಲಿಫೈಯರ್ ದಾಟಿದ ಮೇಲೆ ಸೇರುವ ಭಾಗವೊಂದಿದೆ, ಸಿಗ್ನಲ್ ಮೊದಲೇ ದೊಡ್ಡದಾಗಿದ್ದರೆ ಆ ಭಾಗ ಲೆಕ್ಕಕ್ಕೇ ಬರುವುದಿಲ್ಲ. ಹಳೆಯ ಕ್ಯಾಮೆರಾಗಳಲ್ಲಿ ಕಡಿಮೆ ಐಎಸ್‌ಓದಲ್ಲಿ ಕತ್ತಲಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ 4 ಸ್ಟಾಪ್ ಎತ್ತಿದರೆ ನೆರಳಿನಲ್ಲಿ ಪಟ್ಟೆಗಳು ಎದ್ದು ಬರುತ್ತಿದ್ದದ್ದು ಇದಕ್ಕೇ. ಈಗಿನ ಒಳ್ಳೆಯ ಸೆನ್ಸರ್‌ಗಳಲ್ಲಿ ರೀಡ್ ನಾಯ್ಸ್ ಕೆಲವೇ ಎಲೆಕ್ಟ್ರಾನ್‌ಗಳಷ್ಟು, ಹಾಗಾಗಿ ವ್ಯತ್ಯಾಸ ಕಡಿಮೆ. ಅದಕ್ಕೆ ಐಎಸ್‌ಓ ಇನ್‌ವೇರಿಯನ್ಸ್ ಅನ್ನುತ್ತಾರೆ. ಹಾಗಂತ ಸಿಕ್ಕಾಪಟ್ಟೆ ಏರಿಸಬೇಡಿ, ಒಂದೊಂದು ಸ್ಟಾಪ್ ಏರಿಸಿದಾಗಲೂ ಹೈಲೈಟ್‌ಗಳಿಗೆ (ತೀರಾ ಬೆಳಕಿರುವ ಭಾಗಗಳಿಗೆ) ಇರುವ ಜಾಗ ಅರ್ಧವಾಗುತ್ತದೆ.

ಒಳಾಂಗಣ ಬ್ಯಾಡ್ಮಿಂಟನ್ ಮ್ಯಾಚ್ ತೆಗೆದುಕೊಳ್ಳಿ. ಸ್ಮ್ಯಾಶ್ ಹೊಡೆಯುವ ಕೈ ಸ್ಪಷ್ಟವಾಗಿ ಕಾಣಬೇಕಾದರೆ ಶಟರ್ 1/800 ಸೆಕೆಂಡ್ ಆದರೂ ಬೇಕು, ನಿಮ್ಮ ಜೂಮ್ ಎಫ್ 2.8ಕ್ಕಿಂತ (ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದಂತೆ) ಜಾಸ್ತಿ ತೆರೆಯುವುದಿಲ್ಲ. ಅಲ್ಲಿಗೆ ಬೆಳಕಿನ ಲೆಕ್ಕ ಮುಗಿಯಿತು. ಕ್ಯಾಮೆರಾದ ಬೆಳಕಿನ ಮೀಟರ್ ಐಎಸ್‌ಓ 6400 ಕೇಳಿದರೆ ಕೊಟ್ಟುಬಿಡಿ. 1600 ಇಟ್ಟು ಆಮೇಲೆ ಎತ್ತಿದರೂ ಅಷ್ಟೇ ನಾಯ್ಸ್, ಕೆಲವು ಕ್ಯಾಮೆರಾಗಳಲ್ಲಿ ಜಾಸ್ತಿ, ಕ್ಯಾಮೆರಾನೇ ಕುಗ್ಗಿಸಿ ಕೊಡುವ ಜೆಪೆಗ್ ಫೈಲ್ ಆದರಂತೂ ಕೇಳಲೇಬೇಡಿ. ಶಟರ್ 1/100ಕ್ಕೆ ಇಳಿಸಿದರೆ ನಾಯ್ಸ್ ಇಳಿಯುತ್ತದೆ, ಆಟಗಾರ ಮಸುಕಾಗುತ್ತಾನೆ. ನಾಯ್ಸ್ ಆಮೇಲೆ ತೆಗೆಯಬಹುದು, ಮಸುಕು ಹೋಗುವುದಿಲ್ಲ. ದುಡ್ಡು ಹಾಕುವುದಾದರೆ ಎಫ್ 1.8 ಲೆನ್ಸಿಗೆ ಹಾಕಿ, 2.8ಕ್ಕಿಂತ ಸುಮಾರು 2.4 ಪಟ್ಟು ಬೆಳಕು.

ಅಲುಗಾಡದ ವಸ್ತುವಾದರೆ ದಾರಿ ಬೇಕಾದಷ್ಟಿದೆ. ಟ್ರೈಪಾಡ್ ಇಡಿ, ಅಥವಾ 16 ಫ್ರೇಮ್ ತೆಗೆದು ಸರಾಸರಿ ಮಾಡಿ, ನಾಯ್ಸ್ ಕಾಲು ಭಾಗಕ್ಕೆ ಬರುತ್ತದೆ. ಫೋನಿನ ನೈಟ್ ಮೋಡ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ತುಂಬಾ ಹೊತ್ತಿನ ಎಕ್ಸ್‌ಪೋಷರ್‌ನಲ್ಲಿ ಮಾತ್ರ ಸೆನ್ಸರ್‌ನ ಬಿಸಿಯಿಂದಲೂ ಎಲೆಕ್ಟ್ರಾನ್ ಹುಟ್ಟಿ ಹಾಟ್ ಪಿಕ್ಸೆಲ್‌ಗಳು (ಚುಕ್ಕಿಯಂತೆ ಹೊಳೆಯುವ ಪಿಕ್ಸೆಲ್‌ಗಳು) ಕಾಣುತ್ತವೆ. 30 ಸೆಕೆಂಡ್ ಫೋಟೋ ಆದ ಮೇಲೆ ಕ್ಯಾಮೆರಾ ಇನ್ನೂ 30 ಸೆಕೆಂಡ್ ಸುಮ್ಮನೆ ಕೂರುತ್ತದಲ್ಲ, ಆಗ ಅದು ಶಟರ್ ಮುಚ್ಚಿ ಇನ್ನೊಂದು ಫ್ರೇಮ್ ತೆಗೆದು ಮೊದಲಿನದರಿಂದ ಕಳೆಯುತ್ತಿರುತ್ತದೆ.

ಕೊನೆಗೆ ಬಣ್ಣದ ಕಲೆಗಳು. ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿ ಬಹಳ ಕಡಿಮೆ. ವೈಟ್ ಬ್ಯಾಲೆನ್ಸ್ ಸರಿ ಮಾಡುವಾಗ ನೀಲಿ ಚಾನೆಲನ್ನು ಜಾಸ್ತಿ ಹಿಗ್ಗಿಸಬೇಕಾಗುತ್ತದೆ, ಅದರ ನಾಯ್ಸೂ ಜೊತೆಗೇ ಹಿಗ್ಗುತ್ತದೆ. ಎಡಿಟ್ ಮಾಡುವಾಗ ಬಣ್ಣದ ನಾಯ್ಸನ್ನು ಧಾರಾಳವಾಗಿ ತೆಗೆಯಿರಿ, ಕಪ್ಪುಬಿಳುಪು ಕಾಳನ್ನು ಸ್ವಲ್ಪ ಉಳಿಸಿ, ಇಲ್ಲದಿದ್ದರೆ ಮುಖ ಮೇಣದ ಗೊಂಬೆಯಾಗುತ್ತದೆ.