ಧಾರಾವಾಹಿ ನೋಡಿ ಅಸ್ತಮಾ ಬಗ್ಗೆ ಕಲಿಯಲು ಸಾಧ್ಯವೇ?

ಪ್ರಶ್ನೆ: ನನ್ನ ವಿದ್ಯಾರ್ಥಿಗಳಿಗೆ ಹದಿನೆಂಟರಿಂದ ಇಪ್ಪತ್ತೆರಡರ ವಯಸ್ಸು. ಅಸ್ತಮಾ ಕುರಿತು ಎಷ್ಟು ಕರಪತ್ರ ಹಂಚಿದರೂ ಓದುವುದಿಲ್ಲ, ಧಾರಾವಾಹಿಯನ್ನು ಮಾತ್ರ ಒಂದು ಕಂತೂ ಬಿಡದೆ ನೋಡುತ್ತಾರೆ. ಕಥೆಯ ಮೂಲಕವೇ ಅವರಿಗೆ ಈ ಕಾಯಿಲೆಯ ತಿಳಿವಳಿಕೆ ಕೊಡಬಹುದೇ?

ಉತ್ತರ: ಖಂಡಿತ ಕೊಡಬಹುದು. ಧಾರಾವಾಹಿಗಳು ಈಗಾಗಲೇ ಅಸ್ತಮಾ ಪಾಠ ಮಾಡುತ್ತಲೂ ಇವೆ, ಆದರೆ ಬಹುಪಾಲು ತಪ್ಪು ಪಾಠ.

ಸಾಮಾನ್ಯವಾಗಿ ಕಾಣುವ ದೃಶ್ಯವನ್ನೇ ನೋಡಿ. ಜಗಳ ತಾರಕಕ್ಕೇರಿದಾಗ ಹುಡುಗನೊಬ್ಬ ಎದೆ ಹಿಡಿದುಕೊಳ್ಳುತ್ತಾನೆ, ಚೀಲ ತಡಕಾಡುತ್ತಾನೆ, ಇನ್ಹೇಲರ್ ಬಾಯಿಗಿಟ್ಟು ಎರಡು ಸಲ ಪಟಪಟನೆ ಒತ್ತುತ್ತಾನೆ. ಮರುಕ್ಷಣವೇ ಉಸಿರು ಸರಾಗವಾಗಿ ಜಗಳ ಮುಂದುವರಿಯುತ್ತದೆ. ಹಾಗೆ ಒತ್ತಿದರೆ ಔಷಧದ ಹೆಚ್ಚಿನ ಭಾಗ ನಾಲಿಗೆಗೂ ಗಂಟಲಿಗೂ ಅಂಟಿಕೊಳ್ಳುತ್ತದೆ, ಶ್ವಾಸಕೋಶಕ್ಕೆ ಇಳಿಯುವುದು ತೀರಾ ಕಡಿಮೆ. ಸರಿಯಾಗಿ ಒಳಗೆಳೆದುಕೊಂಡರೂ, ಉಬ್ಬಸ ಕೆರಳಿದಾಗ ಬಳಸುವ ಈ ತಕ್ಷಣದ ಇನ್ಹೇಲರಿನಲ್ಲಿರುವ ಸಾಲ್ಬುಟಮಾಲ್ ಎಂಬ ಔಷಧ ಕೆಲಸ ಆರಂಭಿಸಲು ಕೆಲವು ನಿಮಿಷ ಬೇಕು.

ನಟ ಮಾಡಬೇಕಾದದ್ದು ಹೀಗೆ: ಇನ್ಹೇಲರನ್ನು ಚೆನ್ನಾಗಿ ಅಲುಗಾಡಿಸಿ, ಮೊದಲು ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳಿಂದ ಅದರ ಬಾಯಿಯನ್ನು ಬಿಗಿಯಾಗಿ ಮುಚ್ಚಬೇಕು. ನಿಧಾನವಾಗಿ ಉಸಿರೆಳೆಯಲು ಶುರುಮಾಡುತ್ತಲೇ ಒಂದು ಸಲ ಒತ್ತಿ, ಆಳವಾಗಿ ಎಳೆದುಕೊಂಡು, ಸಾಧ್ಯವಾದಷ್ಟು ಹೊತ್ತು, ಸುಮಾರು ಹತ್ತು ಸೆಕೆಂಡು, ಉಸಿರು ಬಿಗಿಹಿಡಿಯಬೇಕು. ಅರ್ಧ ನಿಮಿಷದಿಂದ ಒಂದು ನಿಮಿಷ ಬಿಟ್ಟು ಇನ್ನೊಂದು ಸಲ. ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಇದ್ದರೆ ಇನ್ನೂ ಒಳ್ಳೆಯದು. ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ತಾಳೆ ಹೊಂದಿಸುವ ಕಷ್ಟ ಅದರಿಂದ ತಪ್ಪುತ್ತದೆ. ತೆರೆಯ ಮೇಲೆ ಇಷ್ಟಕ್ಕೆಲ್ಲ ಸಮಯವಿಲ್ಲ ಎಂದು ನಿರ್ದೇಶಕರು ಹೇಳಬಹುದು. ನನಗಂತೂ ಆ ಹತ್ತು ಸೆಕೆಂಡುಗಳ ಮೌನಕ್ಕಿಂತ ಬಿಗುವಾದ ದೃಶ್ಯ ಯಾವ ಜಗಳದಲ್ಲೂ ಸಿಗುವುದಿಲ್ಲ ಎನಿಸುತ್ತದೆ.

ಇದಕ್ಕಿಂತ ದೊಡ್ಡ ತಪ್ಪು ಕಥೆಯ ಹಂದರದಲ್ಲೇ ಇದೆ. ಧಾರಾವಾಹಿಯಲ್ಲಿ ಅಸ್ತಮಾ ಕಾಣಿಸಿಕೊಳ್ಳುವುದು ಉಬ್ಬಸ ಕೆರಳಿದ ಕಂತಿನಲ್ಲಿ ಮಾತ್ರ. ಉಳಿದ ದಿನ ಆ ಪಾತ್ರಕ್ಕೆ ಕಾಯಿಲೆಯೇ ಇಲ್ಲ. ನಿಜದಲ್ಲಿ ಶ್ವಾಸನಾಳಗಳ ಒಳಗೋಡೆಯ ಉರಿಯೂತ ಹುಷಾರಾಗಿರುವ ದಿನಗಳಲ್ಲೂ ಸದ್ದಿಲ್ಲದೆ ಇರುತ್ತದೆ. ಧೂಳು, ಹೊಗೆ, ನೆಗಡಿ, ತಂಪು ಗಾಳಿ ಯಾವುದೋ ಒಂದು ನೆಪವಾದಾಗ ಸುತ್ತಲಿನ ಸ್ನಾಯು ಬಿಗಿದುಕೊಂಡು, ಕಫ ತುಂಬಿ, ದಾರಿ ಕಿರಿದಾಗುತ್ತದೆ. ಸಾಲ್ಬುಟಮಾಲ್ ಆ ಬಿಗಿತವನ್ನಷ್ಟೇ ಸಡಿಲಿಸುತ್ತದೆ, ಅದೂ ನಾಲ್ಕರಿಂದ ಆರು ಗಂಟೆಯ ಮಟ್ಟಿಗೆ. ಉರಿಯೂತ ತಗ್ಗಿಸುವುದು ಒಳಗೆಳೆದುಕೊಳ್ಳುವ ಸ್ಟೀರಾಯ್ಡ್. ಅದರ ಪ್ರಮಾಣ ಮೈಕ್ರೋಗ್ರಾಂ ಲೆಕ್ಕದಲ್ಲಿರುತ್ತದೆ. ಬಳಸಿದ ಮೇಲೆ ಬಾಯಿ ಮುಕ್ಕಳಿಸಿದರೆ ಬಾಯಿಯ ಶಿಲೀಂಧ್ರ ಸೋಂಕು, ದನಿ ಒಡೆಯುವಿಕೆಯಂಥ ತೊಂದರೆಗಳು ಕಡಿಮೆ. ಹದಿಹರೆಯದವರಿಗೂ ವಯಸ್ಕರಿಗೂ ಸಾಲ್ಬುಟಮಾಲ್ ಒಂದನ್ನೇ ನೆಚ್ಚಿದ ಚಿಕಿತ್ಸೆ ಬೇಡ ಎಂದು ಜಿನಾ ಎಂಬ ಜಾಗತಿಕ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ. ಬ್ರಿಟನ್ನಿನಲ್ಲಿ ಅಸ್ತಮಾ ಸಾವುಗಳ ಬಗ್ಗೆ ನಡೆದು 2014ರಲ್ಲಿ ಪ್ರಕಟವಾದ ರಾಷ್ಟ್ರೀಯ ಪರಿಶೀಲನೆಯಲ್ಲಿ, ಲೆಕ್ಕ ಸಿಕ್ಕ 165 ಮಂದಿಯ ಪೈಕಿ 65 ಜನರಿಗೆ ಒಂದೇ ವರ್ಷದಲ್ಲಿ ಹನ್ನೆರಡಕ್ಕಿಂತ ಹೆಚ್ಚು ತಕ್ಷಣದ ಇನ್ಹೇಲರ್ ಬರೆದುಕೊಡಲಾಗಿತ್ತು. ಇನ್ಹೇಲರ್ ಮೇಲಿಂದ ಮೇಲೆ ಖಾಲಿಯಾಗುತ್ತಿದೆ ಎಂದರೆ ಕಾಯಿಲೆ ಹಿಡಿತ ತಪ್ಪಿದೆ ಎಂದೇ ಅರ್ಥ. ಯಾವ ಧಾರಾವಾಹಿಯವರಾದರೂ ಇದೊಂದನ್ನು ತೋರಿಸಿದರೆ ಅವರಿಗೆ ಕೈಮುಗಿಯುತ್ತೇನೆ.

ನಿಮ್ಮ ವಿದ್ಯಾರ್ಥಿಗಳ ವಯಸ್ಸಿಗೆ ಇದು ಇನ್ನೂ ಮುಖ್ಯ. ಅಲ್ಲಿಯವರೆಗೆ ಔಷಧ ನೆನಪಿಸಲು ಅಪ್ಪ ಅಮ್ಮ ಇದ್ದರು, ಈಗ ಅದು ಅವರ ಪಾಲಿಗೇ ಬಂದಿದೆ. ಗೆಳೆಯರೆದುರು ಇನ್ಹೇಲರ್ ತೆಗೆಯಲು ಸಂಕೋಚ, ಒಮ್ಮೆ ಶುರುಮಾಡಿದರೆ ಬಿಡಲಾಗದು ಎಂಬ ಭಯ, ನಾಲ್ಕು ದಿನ ಆರಾಮಾಗಿದ್ದರೆ ವಾಸಿಯಾಯಿತು ಎಂಬ ನಂಬಿಕೆ. ಇಂಥವು ಕರಪತ್ರದ ಮಾತಿಗೆ ಬಗ್ಗುವುದು ಕಷ್ಟ. ತನ್ನಂತೆಯೇ ನಾಚುವ ಪಾತ್ರವೊಂದು ವಾರವಾರವೂ ಎದುರಿಗೆ ಬಂದು ನಿಧಾನವಾಗಿ ಬದಲಾದರೆ ಅದು ಬೇರೆಯೇ ಸಂಗತಿ.

ಮನುಷ್ಯರು ಇತರರನ್ನು ನೋಡಿಯೇ ಬಹಳಷ್ಟು ಕಲಿಯುತ್ತಾರೆ ಎಂಬುದು ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ ಅವರ ಸಿದ್ಧಾಂತ. ಮೆಕ್ಸಿಕೋದ ಮಿಗೆಲ್ ಸಬಿಡೊ ಅದನ್ನು ಧಾರಾವಾಹಿಗೆ ಒಗ್ಗಿಸಿದರು. ಒಳ್ಳೆಯ ಮಾದರಿಗೊಂದು ಪಾತ್ರ, ಕೆಟ್ಟ ಮಾದರಿಗೊಂದು, ಇವೆರಡರ ನಡುವೆ ಹೊಯ್ದಾಡುವ ಮೂರನೆಯದು. ನೋಡುಗರು ತಮ್ಮನ್ನು ಕಾಣುವುದು ಈ ಮೂರನೆಯದರಲ್ಲಿ. ವಯಸ್ಕರ ಸಾಕ್ಷರತೆಗಾಗಿ ಅವರು 1975ರಲ್ಲಿ ಆರಂಭಿಸಿದ ಧಾರಾವಾಹಿಯ ಒಂದು ಕಂತಿನಲ್ಲಿ ಓದುವ ಪುಸ್ತಕ ಎಲ್ಲಿ ಸಿಗುತ್ತದೆ ಎಂದು ತೋರಿಸಿದಾಗ, ಮರುದಿನ ಸುಮಾರು 25 ಸಾವಿರ ಜನ ಆ ಕೇಂದ್ರದ ಮುಂದೆ ನೆರೆದಿದ್ದರು. ಮನಸ್ಸು ಕದಲಿಸಿದ್ದಲ್ಲದೆ, ಎಲ್ಲಿಗೆ ಹೋಗಬೇಕೆಂದೂ ಆ ಕಥೆ ಹೇಳಿತು. ಅಸ್ತಮಾ ಕಥೆಯ ನಾಯಕಿಯೂ ಹಾಗೆಯೇ ವೈದ್ಯರ ಬಳಿ ಹೋಗಿ, ಕೊಳವೆಯೊಳಗೆ ಜೋರಾಗಿ ಊದಿ ಶ್ವಾಸಕೋಶದ ಪರೀಕ್ಷೆ ಮಾಡಿಸಿಕೊಂಡು, ಕೆಮ್ಮು ಹೆಚ್ಚಾದಾಗ ಏನು ಮಾಡಬೇಕೆಂದು ಬರೆಸಿಕೊಂಡು ಬರುವುದನ್ನು ನಾವು ನೋಡಬೇಕು.

ಅಂಥ ಧಾರಾವಾಹಿ ಬರುವವರೆಗೆ ಕಾಯಬೇಕಿಲ್ಲ. ತಪ್ಪಾಗಿ ತೋರಿಸಿದ ದೃಶ್ಯವೇ ನಿಮಗೆ ಒಳ್ಳೆಯ ಪಾಠವಾಗಬಲ್ಲದು. ತರಗತಿಯಲ್ಲಿ ಅದನ್ನು ಹಾಕಿ, ಇನ್ಹೇಲರ್ ಒತ್ತುವಲ್ಲಿ ನಿಲ್ಲಿಸಿ, ಏನು ತಪ್ಪಾಯಿತು ಎಂದು ಕೇಳಿ. ಔಷಧವಿಲ್ಲದ ಅಭ್ಯಾಸದ ಇನ್ಹೇಲರ್‌ಗಳು ಸಿಗುತ್ತವೆ. ಆರೋಗ್ಯ ಸಿಬ್ಬಂದಿಯೊಬ್ಬರನ್ನು ಕರೆಸಿ, ಸರಿಯಾದ ಕ್ರಮವನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸಿ. ಬಳಿಕ ಧಾರಾವಾಹಿ ಸಾಮಾನ್ಯವಾಗಿ ತೋರಿಸದ ಅಪಾಯದ ಗುರುತುಗಳನ್ನು ಹೇಳಿಕೊಡಿ: ಒಂದು ವಾಕ್ಯ ಪೂರ್ತಿ ಆಡಲಾಗದಷ್ಟು ಏದುಸಿರು, ನೀಲಿಗಟ್ಟಿದ ತುಟಿ, ಇನ್ಹೇಲರ್ ಬಳಸಿದರೂ ಇಳಿಯದ ಉಬ್ಬಸ. ಸುಸ್ತಾದವನ ಎದೆಯ ಸಿಳ್ಳೆ ಸದ್ದು ಒಮ್ಮೆಲೇ ನಿಂತರೆ ಗುಣವಾಯಿತೆಂದು ತಿಳಿಯಬಾರದು, ಗಾಳಿಯೇ ಆಡದಿರುವಾಗಲೂ ಸದ್ದು ನಿಲ್ಲುತ್ತದೆ. ಈ ಗುರುತುಗಳಲ್ಲಿ ಯಾವುದು ಕಂಡರೂ ಅವನನ್ನು ಮಲಗಿಸದೆ ನೆಟ್ಟಗೆ ಕೂರಿಸಿ, ತಕ್ಷಣ ಆಂಬುಲೆನ್ಸ್ ಕರೆಸಬೇಕು. ಅದು ಬರುವವರೆಗೂ ಅವನ ಇನ್ಹೇಲರನ್ನು ಸ್ಪೇಸರ್ ಮೂಲಕ ಒಂದೊಂದೇ ಸಲ ಒತ್ತಿ ಕೊಡುತ್ತಿರಬೇಕು.